ಪುಟ್ಟ ಕಾರಿಗೆ ದೊಡ್ಡ ಬೆಲೆ

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಎರಕದ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಸತುವಿನ ಮಿಶ್ರಲೋಹವನ್ನು ಕರಗಿಸಿ, ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿ, ಬಾಗಿಲಿನ ಹಿಡಿ, ಬೀಗದ ಒಡಲು ಮುಂತಾದುವನ್ನು ಅಲ್ಲಿ ತಯಾರಿಸುತ್ತಾರೆ. ಕುಶಲಪ್ರಶ್ನೆ ಮುಗಿದ ಮೇಲೆ ಅವನು ಫೋನಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದನು. ಅಂಗೈಯಲ್ಲಿ ಅಡಗುವಷ್ಟು ಸಣ್ಣದಾದ, ಅಲ್ಲಲ್ಲಿ ಬಣ್ಣ ಎದ್ದುಹೋದ ಲೋಹದ ಕಾರು ಅದು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ತಯಾರಾದ ಡಿಂಕಿ ಆಟಿಕೆ. ಕೋಲ್ಕತ್ತದ ಮಾರಾಟಗಾರನೊಬ್ಬನು ಅದಕ್ಕೆ ೮೦,೦೦೦ ರೂಪಾಯಿ ಹೇಳಿದ್ದನು.

“ನನ್ನ ಕಸುಬಿನ ಮುತ್ತಜ್ಜನ ಹಾಗಿದೆ ಸಾರ್ ಇದು. ಸ್ಕೂಟರಿಗೆಂದು ಕೂಡಿಟ್ಟ ಹಣವಿದೆ. ಕೊಂಡುಬಿಡಲೇ?” ಎಂದು ಕೇಳಿದನು.

ಮಕ್ಕಳ ಆಟಿಕೆಗೆ ಇಷ್ಟೊಂದು ಹಣವೇ ಎಂದು ನಕ್ಕು ಕಳುಹಿಸುವುದು ಸುಲಭವಾಗಿತ್ತು. ಆದರೆ ಅವನ ಪ್ರಶ್ನೆ ನಗುವಂತಹುದಲ್ಲ. ಅದರಲ್ಲಿ ಲೋಹವಿಜ್ಞಾನವಿದೆ, ಗಣಿತವಿದೆ, ಮನುಷ್ಯನು ತನ್ನ ಆಸೆಯನ್ನು ತಾನೇ ಅಳೆದುಕೊಳ್ಳಬೇಕಾದ ಕಷ್ಟವೂ ಇದೆ. ಉತ್ತರ ಹೇಳುವ ಬದಲು ನಾನೊಂದು ಪ್ರಶ್ನೆ ಕೇಳಿದೆನು.

“ನಿಮ್ಮ ಕುಲುಮೆಯ ಹತ್ತಿರ ಏನಾದರೂ ಸೂಚನೆ ಬರೆದು ಹಾಕಿದ್ದಾರೆಯೇ?”

“ಇದೆ ಸಾರ್. ಸೀಸ, ತವರ, ಬೆಸುಗೆಯ ಚೂರು, ಹೊರಗಿನ ಗುಜರಿ ಇವು ಯಾವುವೂ ಕುಲುಮೆಗೆ ಬೀಳಕೂಡದು ಎಂದು ಬರೆದಿದೆ.”

“ಬಿದ್ದರೆ ಏನಾಗುತ್ತದೆ?”

“ಎರಕ ಕೆಡುತ್ತದೆ ಎನ್ನುತ್ತಾರೆ. ಹೇಗೆ ಕೆಡುತ್ತದೆಂದು ನಾನು ನೋಡಿಲ್ಲ.”

“ನೀನು ಕೊಳ್ಳಹೊರಟಿರುವ ಕಾರೇ ಅದನ್ನು ತೋರಿಸಬಹುದು. ಕೊಳ್ಳುವ ಮುನ್ನ ಆ ಸೂಚನೆಯ ಅರ್ಥವನ್ನು ತಿಳಿದುಕೊಳ್ಳೋಣ” ಎಂದೆನು.

ಅಂದು ನಾವು ಮಾತನಾಡಿದ ವಿಷಯಗಳನ್ನು ಇಲ್ಲಿ ಕ್ರಮವಾಗಿ ಜೋಡಿಸಿದ್ದೇನೆ. ಹಳೆಯ ಆಟಿಕೆಯನ್ನೇ ಆಗಲಿ, ಹಳೆಯ ನಾಣ್ಯವನ್ನೇ ಆಗಲಿ, ಅಪೂರ್ವವೆಂಬ ಕಾರಣಕ್ಕಾಗಿ ದುಬಾರಿ ಬೆಲೆಗೆ ಕೊಳ್ಳಲು ಹೊರಟ ಯಾರಿಗಾದರೂ ಇವು ಉಪಯೋಗಕ್ಕೆ ಬರಬಹುದು.

ಅಚ್ಚಿನಲ್ಲಿ ಹುಟ್ಟಿದ ಕಾರು

ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬುವನು ೧೯೦೧ರಲ್ಲಿ ತೂತುಗಳುಳ್ಳ ಲೋಹದ ಪಟ್ಟಿಗಳನ್ನು ತಿರುಪುಗಳಿಂದ ಜೋಡಿಸಿ ಯಂತ್ರಗಳ ಮಾದರಿ ಕಟ್ಟುವ ಆಟಿಕೆಗೆ ಪೇಟೆಂಟ್ ಪಡೆದನು. ಅದೇ ಮುಂದೆ ಮೆಕಾನೊ ಎಂದು ಪ್ರಸಿದ್ಧವಾಯಿತು. ಅವನ ಕಾರ್ಖಾನೆ ೧೯೨೦ರಿಂದ ಆಟದ ರೈಲುಗಳನ್ನೂ ತಯಾರಿಸತೊಡಗಿತು. ರೈಲು ನಿಲ್ದಾಣದ ಮುಂದೆ ನಿಲ್ಲಿಸಲು ವಾಹನಗಳು ಬೇಡವೇ? ೧೯೩೩ರ ಕೊನೆಯಲ್ಲಿ ಕೆಲವು ಪುಟ್ಟ ವಾಹನಗಳನ್ನು ಅಚ್ಚುಹಾಕಿ ಮಾರಿದರು. ೧೯೩೪ರಲ್ಲಿ ಅವಕ್ಕೆ ಡಿಂಕಿ ಟಾಯ್ಸ್ ಎಂಬ ಹೆಸರಾಯಿತು. ರೈಲಿಗೆ ಜೊತೆಯಾಗಿ ಹುಟ್ಟಿದ ಈ ನೆಂಟಸ್ತಿಕೆಯ ಗುರುತು ಇಂದಿಗೂ ಉಳಿದಿದೆ. ಆಗಿನ ಒಂದು ಜಾತಿಯ ಆಟದ ರೈಲುಗಳಲ್ಲಿ ನಿಜವಾದ ಒಂದು ಅಡಿಯನ್ನು ೭ ಮಿಲಿಮೀಟರಿಗೆ ಇಳಿಸುತ್ತಿದ್ದರು. ಒಂದು ಅಡಿ ಎಂದರೆ ೩೦೪.೮ ಮಿಲಿಮೀಟರು. ಅದನ್ನು ೭ರಿಂದ ಭಾಗಿಸಿದರೆ ೪೩.೫ ಬರುತ್ತದೆ. ಸಂಗ್ರಾಹಕರ ಮಾದರಿ ಕಾರುಗಳಲ್ಲಿ ೧:೪೩ ಎಂಬ ವಿಚಿತ್ರ ಪ್ರಮಾಣ ಈಗಲೂ ಬಳಕೆಯಲ್ಲಿರುವುದಕ್ಕೆ ಇದೇ ಮೂಲ.

ಡೈಕಾಸ್ಟಿಂಗ್ ಅಥವಾ ಅಚ್ಚೆರಕದ ವಿಧಾನವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ಎರಡು ಹೋಳುಗಳಾಗಿ ಬಿಚ್ಚಿಕೊಳ್ಳುವ ಉಕ್ಕಿನ ಅಚ್ಚೊಂದಿರುತ್ತದೆ. ಕರಗಿದ ಲೋಹದ ಮಡಕೆಯೊಳಗೆ ಗೂಸ್‌ನೆಕ್ ಎಂಬ ಬಾಗಿದ ಕೊಳವೆ ಮುಳುಗಿರುತ್ತದೆ. ಅದರೊಳಗಿನ ಕೊಂತ ಕೆಳಕ್ಕೆ ಒತ್ತಿದೊಡನೆ ಲೋಹವು ಕ್ಷಣಾರ್ಧದಲ್ಲಿ ಅಚ್ಚನ್ನು ತುಂಬಿ ಗಟ್ಟಿಯಾಗುತ್ತದೆ. ಅಚ್ಚು ಬಿಚ್ಚಿಕೊಂಡು ಎರಕ ಹೊರಬೀಳುತ್ತದೆ. ಅಂಚಿನ ತೆಳುಪದರವನ್ನು ತೆಗೆದು, ಉಜ್ಜಿ, ಬಣ್ಣ ಬಳಿದು, ಗಾಲಿಗಳನ್ನು ಜೋಡಿಸಿದರೆ ಕಾರು ಸಿದ್ಧ.

ಈ ಕೆಲಸಕ್ಕೆ ಸತು ಬಹಳ ಒಗ್ಗುತ್ತದೆ. ಅದರ ದ್ರವನಬಿಂದು ಸುಮಾರು ೪೨೦ ಡಿಗ್ರಿ ಸೆಲ್ಸಿಯಸ್. ಅದಕ್ಕೆ ೪%ರಷ್ಟು ಅಲ್ಯೂಮಿನಿಯಮ್ ಬೆರೆಸಿದರೆ ೩೯೦ ಡಿಗ್ರಿಗಿಂತ ಕೆಳಗೇ ಪೂರ್ತಿ ಕರಗುತ್ತದೆ, ಅಚ್ಚಿನ ಸಂದುಗೊಂದುಗಳಿಗೂ ಸಲೀಸಾಗಿ ಹರಿಯುತ್ತದೆ, ಗಟ್ಟಿತನವೂ ಹೆಚ್ಚುತ್ತದೆ. ಉಕ್ಕಿನ ಅಚ್ಚನ್ನು ಅದು ಅಷ್ಟಾಗಿ ಕಚ್ಚುವುದಿಲ್ಲ. ಆದುದರಿಂದ ಒಂದೇ ಅಚ್ಚಿನಿಂದ ಲಕ್ಷಾಂತರ ಕಾರುಗಳನ್ನು ತೆಗೆಯಬಹುದು. ಅಚ್ಚು ಮಾಡಿಸಲು ಎಷ್ಟೇ ಖರ್ಚಾದರೂ ಅದು ಲಕ್ಷ ಪಾಲಾಗಿ ಹಂಚಿಹೋಗುವುದರಿಂದ ಒಂದೊಂದು ಕಾರಿನ ಬೆಲೆ ಅತ್ಯಲ್ಪವಾಗುತ್ತದೆ. ಲಂಡನ್ನಿನ ಲೆಸ್ನಿ ಎಂಬ ಸಂಸ್ಥೆ ೧೯೫೩ರಲ್ಲಿ, ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಸಂದರ್ಭದಲ್ಲಿ, ಅರಮನೆಯ ಸಾರೋಟಿನ ಪುಟ್ಟ ಮಾದರಿಗಳನ್ನು ಹತ್ತು ಲಕ್ಷಕ್ಕೂ ಮಿಗಿಲಾಗಿ ಮಾರಿತು. ಬೆಂಕಿಪೊಟ್ಟಣದ ಗಾತ್ರದ ಪೆಟ್ಟಿಗೆಯಲ್ಲಿ ಬರುವ ಮ್ಯಾಚ್‌ಬಾಕ್ಸ್ ಕಾರುಗಳನ್ನು ಅದು ಆರಂಭಿಸಿದ್ದೂ ಅದೇ ವರ್ಷ.

ಅಪೂರ್ವತೆಯ ಎರಡು ಬಗೆ

ಲಕ್ಷಗಟ್ಟಲೆ ಹುಟ್ಟಬಲ್ಲ ವಸ್ತು ಅಪೂರ್ವವಾಗುವುದು ಹೇಗೆ? ಇದಕ್ಕೆ ಎರಡು ದಾರಿಗಳಿವೆ. ಹುಟ್ಟಿದ್ದೇ ಕಡಮೆಯಿರಬಹುದು, ಅಥವಾ ಹುಟ್ಟಿದುವುಗಳಲ್ಲಿ ಉಳಿದದ್ದು ಕಡಮೆಯಿರಬಹುದು.

ಮೊದಲನೆಯದಕ್ಕೆ ಅಮೆರಿಕದ ಹಾಟ್ ವೀಲ್ಸ್ ಕಾರುಗಳಿಂದ ಒಂದು ಉದಾಹರಣೆ ಕೊಡಬಹುದು. ೧೯೬೯ರಲ್ಲಿ ಒಂದು ಫೋಕ್ಸ್‌ವ್ಯಾಗನ್ ವ್ಯಾನಿನ ಮಾದರಿಯನ್ನು ಯೋಜಿಸಿದರು. ಸಮುದ್ರದ ಅಲೆಗಳ ಮೇಲೆ ಜಾರುವ ಹಲಗೆಗಳು ಅದರ ಹಿಂದಿನ ಕಿಟಕಿಯಿಂದ ಹೊರಕ್ಕೆ ಚಾಚಿದ್ದುವು. ವ್ಯಾನು ಅಗಲ ಸಾಲದೆ, ಮೇಲ್ಭಾಗ ಭಾರವಾಗಿ, ಆಟದ ಹಾದಿಯ ಮೇಲೆ ಸರಿಯಾಗಿ ಓಡಲಿಲ್ಲ. ಹಲಗೆಗಳನ್ನು ಪಕ್ಕಕ್ಕೆ ಸರಿಸಿ, ಒಡಲನ್ನು ಅಗಲಮಾಡಿ, ಹೊಸ ಅಚ್ಚಿನಿಂದ ತಯಾರಿಸಿ ಮಾರಿದರು. ಪ್ರಯೋಗಕ್ಕೆಂದು ಎರೆದ ಮೊದಲಿನ ಕೆಲವೇ ವ್ಯಾನುಗಳು ಇಂದು ಸಂಗ್ರಾಹಕರ ಪಾಲಿಗೆ ನಿಧಿಗಳಾಗಿವೆ. ಡಿಂಕಿಯಲ್ಲಿಯೂ ಹೀಗೆಯೇ. ಯಾವುದೋ ಒಂದು ಅಂಗಡಿಯ ಹೆಸರನ್ನು ಅಂಟಿಸಿ ಸ್ವಲ್ಪ ಸಂಖ್ಯೆಯಲ್ಲಿ ಹೊರತಂದ ವ್ಯಾನುಗಳುಂಟು. ೧೯೩೦ರ ದಶಕದ ಅಂತಹ ಒಂದು ವ್ಯಾನು ೨೦೦೮ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ ೨೦,೦೦೦ ಪೌಂಡಿಗೆ ಸಮೀಪದ ಬೆಲೆಗೆ ಮಾರಾಟವಾಯಿತು.

ಎರಡನೆಯ ಬಗೆಯ ಅಪೂರ್ವತೆ ಸಾವಿನಿಂದ ಬಂದದ್ದು. ಮಕ್ಕಳು ಆಡಿದರು, ಮಣ್ಣಿನಲ್ಲಿ ಹೂತರು, ಕಲ್ಲಿನಿಂದ ಜಜ್ಜಿದರು. ಮನೆ ಬದಲಿಸುವಾಗ ದೊಡ್ಡವರು ಎಸೆದರು. ಇವೆಲ್ಲವೂ ಹೊರಗಿನಿಂದ ಬಂದ ಸಾವುಗಳು. ಯುದ್ಧಪೂರ್ವದ ಸತುವಿನ ಎರಕಗಳಿಗೆ ಇನ್ನೊಂದು ಸಾವೂ ಕಾದಿತ್ತು. ಯಾರೂ ಮುಟ್ಟದೆ, ಪೆಟ್ಟಿಗೆಯಲ್ಲಿ ಭದ್ರವಾಗಿ ಮಲಗಿದ್ದಂತೆಯೇ ಅವು ಉಬ್ಬಿ, ಬಿರಿದು, ಪುಡಿಯಾದುವು. ಆದುದರಿಂದ ಯುದ್ಧಪೂರ್ವದ ಕಾರು ಅಪೂರ್ವವೆಂದು ಮಾರಾಟಗಾರನು ಹೇಳಿದಾಗ, ಕೊಳ್ಳುವವನು “ಅದರ ಒಡಹುಟ್ಟಿದುವೆಲ್ಲ ಏನಾದುವು?” ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಒಡಹುಟ್ಟಿದುವನ್ನು ಕೊಂದ ಪೀಡೆ ಇದರ ಮೈಯೊಳಗೂ ಇರಬಹುದು.

ಸತುವಿನ ಪೀಡೆ

ಇದನ್ನು ಸಂಗ್ರಾಹಕರು ಲೋಹದ ಬಳಲಿಕೆ ಎಂದು ಕರೆಯುವುದುಂಟು. ಅದು ಸರಿಯಾದ ಹೆಸರಲ್ಲ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದಾಗ ಅದು ಮುರಿಯುತ್ತದಷ್ಟೆ, ಬಳಲಿಕೆಯೆಂದರೆ ಅದು. ಸತುವಿನ ಪೀಡೆ ಎಂಬ ಹೆಸರೇ ವಾಸಿ. ಆದರೆ ಇದು ಒಂದರಿಂದ ಇನ್ನೊಂದಕ್ಕೆ ಅಂಟುವ ರೋಗವಲ್ಲ. ತವರದ ಪೀಡೆ ಎಂಬ ಬೇರೊಂದು ವಿದ್ಯಮಾನವಿದೆ. ಅದರಲ್ಲಿ ಬಿಳಿಯ ತವರವು ಸುಮಾರು ೧೩ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬೂದುಬಣ್ಣದ ಪುಡಿಯಾಗಿ ರೂಪಾಂತರ ಹೊಂದುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸತುವಿನ ಪೀಡೆಗೆ ಚಳಿಯಲ್ಲ, ಸೆಕೆಯೂ ತೇವವೂ ಮಿತ್ರರು.

ಕರಗಿದ ಲೋಹ ಗಟ್ಟಿಯಾಗುವಾಗ ಒಂದೇ ಮುದ್ದೆಯಾಗಿ ಗಟ್ಟಿಯಾಗುವುದಿಲ್ಲ. ಅಲ್ಲಲ್ಲಿ ಸಣ್ಣ ಸಣ್ಣ ಹರಳುಗಳು ಹುಟ್ಟಿ, ಬೆಳೆದು, ಒಂದನ್ನೊಂದು ಮುಟ್ಟಿ ನಿಲ್ಲುತ್ತವೆ. ಕಲ್ಲಿನ ಗೋಡೆಯಲ್ಲಿ ಕಲ್ಲುಗಳ ನಡುವೆ ಗಾರೆಯ ಸಂದುಗಳಿರುವಂತೆ ಹರಳುಗಳ ನಡುವೆ ಗಡಿಗಳಿರುತ್ತವೆ. ಗಟ್ಟಿಯಾದ ಸತುವಿನಲ್ಲಿ ಸೀಸವು ಬಹುಮಟ್ಟಿಗೆ ಬೆರೆಯುವುದಿಲ್ಲ. ಆದುದರಿಂದ ಲೋಹದಲ್ಲಿ ಸೀಸ, ತವರ ಅಥವಾ ಕ್ಯಾಡ್ಮಿಯಮ್ ಸ್ವಲ್ಪ ಇದ್ದರೂ ಅದು ಹರಳುಗಳಿಂದ ಹೊರಕ್ಕೆ ದೂಡಲ್ಪಟ್ಟು ಗಡಿಗಳಲ್ಲಿ ಸೇರಿಕೊಳ್ಳುತ್ತದೆ. ಈಗ ಗೋಡೆಯ ಗಾರೆ ಕೆಟ್ಟಂತಾಯಿತು.

ಗಾಳಿಯ ತೇವ ಇದಕ್ಕೆ ತಗುಲಿದಾಗ, ಬೇರೆ ಬೇರೆ ಲೋಹಗಳು ಪಕ್ಕಪಕ್ಕದಲ್ಲಿರುವುದರಿಂದ ಅತಿ ಸೂಕ್ಷ್ಮವಾದ ವಿದ್ಯುತ್ಕೋಶಗಳು ಏರ್ಪಡುತ್ತವೆ. ಬ್ಯಾಟರಿಯ ಸತುವಿನ ಡಬ್ಬಿ ಸವೆಯುವಂತೆಯೇ ಗಡಿಯಲ್ಲಿರುವ ಸತು ಮತ್ತು ಅಲ್ಯೂಮಿನಿಯಮ್ ಸವೆಯತೊಡಗುತ್ತವೆ. ಸವೆದ ಲೋಹ ಆಕ್ಸೈಡು ಮೊದಲಾದ ಸಂಯುಕ್ತಗಳಾಗುತ್ತದೆ. ಸತುವು ಆಕ್ಸೈಡಾದಾಗ ಮೊದಲಿಗಿಂತ ಸುಮಾರು ಒಂದೂವರೆ ಪಟ್ಟು ಜಾಗವನ್ನು ಬೇಡುತ್ತದೆ. ಜಾಗವಿಲ್ಲದೆಡೆಯಲ್ಲಿ ಜಾಗ ಮಾಡಿಕೊಳ್ಳಬೇಕಾದರೆ ಹರಳುಗಳನ್ನು ಬೇರ್ಪಡಿಸಲೇಬೇಕು. ಹಲಸಿನ ದಿಮ್ಮಿಗೆ ಬೆಣೆ ಹೊಡೆದಂತೆ ಒಳಗಿನಿಂದ ಬೆಣೆ ಬೀಳುತ್ತದೆ. ಎರಕ ಉಬ್ಬುತ್ತದೆ, ಬಾಗುತ್ತದೆ, ಬಿರಿಯುತ್ತದೆ. ಬಿರುಕಿನ ಮೂಲಕ ಇನ್ನಷ್ಟು ತೇವ ಒಳಹೊಗುತ್ತದೆ. ಕೊನೆಗೆ ಬೆರಳಿನಿಂದ ಒತ್ತಿದರೆ ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಇದಕ್ಕೆ ಔಷಧವಿಲ್ಲ. ಮೇಲೆ ಬಣ್ಣ ಬಳಿದರೆ ರೋಗ ಮರೆಯಾಗುವುದೇ ಹೊರತು ನಿಲ್ಲುವುದಿಲ್ಲ.

ಕಲ್ಮಷಗಳೇ ಇದಕ್ಕೆ ಕಾರಣವೆಂಬುದನ್ನು ಬ್ರೌವರ್ ಮತ್ತು ಪಿಯರ್ಸ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ೧೯೨೩ರಲ್ಲಿ ಪ್ರಕಟಿಸಿದರು. ಇದರಿಂದ ಪರಿಹಾರದ ದಾರಿ ತೆರೆಯಿತು. ೧೯೨೯ರಲ್ಲಿ ನ್ಯೂಜೆರ್ಸಿ ಜಿಂಕ್ ಕಂಪೆನಿ ಜಮಾಕ್ ಎಂಬ ಮಿಶ್ರಲೋಹಗಳನ್ನು ಹೊರತಂದಿತು. ಜಿಂಕ್, ಅಲ್ಯೂಮಿನಿಯಮ್, ಮೆಗ್ನೀಸಿಯಮ್ ಮತ್ತು ತಾಮ್ರಕ್ಕೆ ಜರ್ಮನ್ ಭಾಷೆಯಲ್ಲಿರುವ ಕುಪ್ಫರ್ ಎಂಬ ಹೆಸರು, ಇವುಗಳ ಆದ್ಯಕ್ಷರಗಳು ಸೇರಿ ಆದ ಪದ ಅದು. ಬ್ರಿಟನ್ನಿನಲ್ಲಿ ಇದೇ ಬಗೆಯ ಲೋಹಕ್ಕೆ ಮಜಾಕ್ ಎಂದು ಹೆಸರಾಯಿತು. ಅದರಲ್ಲಿ ಸಾವಿರಕ್ಕೆ ಅರ್ಧ ಭಾಗಕ್ಕೂ ಕಡಮೆಯಿರುವ ಮೆಗ್ನೀಸಿಯಮ್ ಈ ಸಂಕ್ಷಾರಣವನ್ನು ತಡೆಯಲು ನೆರವಾಗುತ್ತದೆ. ಆದರೆ ಮುಖ್ಯವಾದ ರಕ್ಷಣೆ ಶುದ್ಧತೆಯೇ. ಇಂದಿನ ನಿಯಮದ ಪ್ರಕಾರ ಇಂತಹ ಎರಕದಲ್ಲಿ ಸೀಸ ೦.೦೦೫%ನ್ನು ಮೀರಬಾರದು. ೧೦೦ ಕಿಲೋಗ್ರಾಮ್ ಲೋಹದ ಮಡಕೆಯಲ್ಲಿ ಅದು ಕೇವಲ ೫ ಗ್ರಾಮ್ ಆಯಿತು. ಅಷ್ಟು ಸೀಸವನ್ನು ಉಂಡೆಮಾಡಿದರೆ ಒಂದು ದೊಡ್ಡ ಕಡಲೆಕಾಳಿನ ಗಾತ್ರ! ಒಂದು ಚೂರು ಬೆಸುಗೆ ಬಿದ್ದರೆ ಇಡೀ ಮಡಕೆ ಕೆಡುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ನನ್ನ ವಿದ್ಯಾರ್ಥಿಯ ಕುಲುಮೆಯ ಪಕ್ಕದ ಸೂಚನೆಯ ಅರ್ಥವೂ ಇದೇ.

ಅಷ್ಟು ಶುದ್ಧವಾದ ಸತುವನ್ನು ಪಡೆಯುವ ಒಂದು ಉಪಾಯ ಭಟ್ಟಿಯಿಳಿಸುವುದು. ಕ್ಯಾಡ್ಮಿಯಮ್ ೭೬೭ ಡಿಗ್ರಿಯಲ್ಲಿ, ಸತು ೯೦೭ ಡಿಗ್ರಿಯಲ್ಲಿ, ಸೀಸ ೧,೭೪೯ ಡಿಗ್ರಿಯಲ್ಲಿ ಕುದಿಯುತ್ತವೆ. ಸತುವನ್ನು ಆವಿಯಾಗಿಸಿದರೆ ಸೀಸ ಕೆಳಗೆ ಉಳಿಯುತ್ತದೆ. ಆ ಆವಿಯಿಂದ ಮೊದಲು ಹಾರುವ ಕ್ಯಾಡ್ಮಿಯಮನ್ನು ಬೇರ್ಪಡಿಸಬಹುದು. ಸತು ಆವಿಯಾಗಿ ಹಾರಿಹೋಗುವ ಲೋಹವೆಂಬ ತಿಳಿವಳಿಕೆ ನಮ್ಮ ದೇಶಕ್ಕೆ ಹೊಸದಲ್ಲ. ರಾಜಸ್ಥಾನದ ಉದಯಪುರದ ಬಳಿಯ ಜಾವರಿನಲ್ಲಿ ಶತಮಾನಗಳ ಹಿಂದೆಯೇ ಮಣ್ಣಿನ ಮೂಸೆಗಳಲ್ಲಿ ಸತುವನ್ನು ಭಟ್ಟಿಯಿಳಿಸುತ್ತಿದ್ದರು.

ಹಾಗಾದರೆ ೧೯೨೩ರಲ್ಲಿ ಕಾರಣ ತಿಳಿದ ಮೇಲೂ ೧೯೩೦ರ ದಶಕದ ಆಟಿಕೆಗಳೇಕೆ ಕೆಟ್ಟುವು? ತಿಳಿವಳಿಕೆ ಬೇರೆ, ಪ್ರತಿದಿನದ ಶಿಸ್ತು ಬೇರೆ. ಡಿಂಕಿಯ ಮೊದಲ ಕೆಲವು ವಾಹನಗಳನ್ನು ಸೀಸದ ಮಿಶ್ರಲೋಹದಲ್ಲಿಯೇ ಎರೆದಿದ್ದರು. ಸೀಸವನ್ನೂ ಸತುವನ್ನೂ ಬಳಸುವ ಕಾರ್ಖಾನೆಯಲ್ಲಿ ಒಂದರ ಚೂರು ಇನ್ನೊಂದರ ಮಡಕೆಗೆ ಬೀಳದಂತೆ ಕಾಯುವುದು ಸುಲಭವಲ್ಲ. ಒಂದು ದಿನದ ಮಡಕೆ ಶುದ್ಧವಾಗಿಯೂ ಮರುದಿನದ್ದು ಕಲ್ಮಷವಾಗಿಯೂ ಇರಬಹುದು. ಆದುದರಿಂದಲೇ ಒಂದೇ ಅಚ್ಚಿನಲ್ಲಿ ಹುಟ್ಟಿದ ಎರಡು ಕಾರುಗಳಲ್ಲಿ ಒಂದು ಇಂದಿಗೂ ದೃಢವಾಗಿದ್ದು, ಇನ್ನೊಂದು ಪುಡಿಯಾಗಿರುವುದುಂಟು. ಕಾರಿನ ಹೆಸರು, ಬಣ್ಣ, ವರ್ಷ ಇವುಗಳನ್ನು ತಿಳಿದರೆ ಸಾಲದು. ಎದುರಿಗಿರುವ ಆ ಒಂದು ಎರಕವನ್ನೇ ಪರೀಕ್ಷಿಸಬೇಕು.

ಕೊಳ್ಳುವ ಮುನ್ನ ಪರೀಕ್ಷೆ

ಪೀಡೆ ಹಿಡಿದ ಎರಕ ಉಬ್ಬುತ್ತದೆಯಾದುದರಿಂದ ಮೊದಲ ಪರೀಕ್ಷೆ ಅಳತೆ. ವರ್ನಿಯರ್ ಕ್ಯಾಲಿಪರಿನಿಂದ ಕಾರಿನ ಎಡಬದಿಯ ಮತ್ತು ಬಲಬದಿಯ ಉದ್ದಗಳನ್ನು ಅಳೆಯಬೇಕು. ಎರಡೂ ಸಮನಾಗಿರಬೇಕು. ದೃಢವಾದ ಅದೇ ಮಾದರಿಯ ಅಳತೆ ದೊರೆತರೆ ಅದರೊಡನೆ ಹೋಲಿಸಬೇಕು. ೧೦೦ ಮಿಲಿಮೀಟರ್ ಇರಬೇಕಾದದ್ದು ೧೦೨ ಇದ್ದರೆ ಕಣ್ಣಿಗೆ ತಿಳಿಯಲಾರದು. ಆದರೆ ಉದ್ದ, ಅಗಲ, ಎತ್ತರ ಮೂರೂ ೨%ರಷ್ಟು ಹಿಗ್ಗಿದ್ದರೆ ಗಾತ್ರವು ೧.೦೨ರ ಘನ, ಎಂದರೆ ಸುಮಾರು ೧.೦೬ ಪಟ್ಟಾಯಿತು. ನೂರು ಭಾಗದ ಲೋಹದೊಳಗೆ ಆರು ಭಾಗದಷ್ಟು ಬೆಣೆ ಸೇರಿದೆ ಎಂದಾಯಿತು.

ಎರಡನೆಯದು ತಳಭಾಗ. ಕಾರಿನ ಒಡಲು ಒಂದು ಎರಕ, ಚಾಸಿ ಇನ್ನೊಂದು ಎರಕ. ಅವು ಬೇರೆ ಬೇರೆ ಮಡಕೆಗಳಿಂದ ಬಂದಿರಬಹುದು. ಒಂದು ಉಬ್ಬಿ ಇನ್ನೊಂದು ಉಬ್ಬದಿದ್ದರೆ ಚಾಸಿ ಬಿಲ್ಲಿನಂತೆ ಬಾಗುತ್ತದೆ. ಕಾರನ್ನು ಗಾಜಿನ ಮೇಲಿಟ್ಟರೆ ಒಂದು ಗಾಲಿ ಮೇಲೆಯೇ ನಿಂತಿರಬಹುದು. ಮೂರನೆಯದು ಬಿರುಕು. ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣದ ಕೆಳಗೆ ಬೇಸಗೆಯ ಕೆರೆಯಂಗಳದಂತೆ ಸಣ್ಣ ಬಿರುಕುಗಳ ಜಾಲ ಕಾಣಬಹುದು. ಹೊಸದಾಗಿ ಬಳಿದ ಬಣ್ಣ ಇವನ್ನು ಮುಚ್ಚುತ್ತದೆ. ಬಣ್ಣ ತೀರ ಹೊಸದಾಗಿ ಕಂಡರೆ ಸಂತೋಷಕ್ಕಿಂತ ಸಂಶಯವೇ ಹೆಚ್ಚಾಗಬೇಕು.

ಲೋಹ ಸೀಸವೋ ಸತುವೋ ಎಂಬುದೂ ಮುಖ್ಯ. ಸೀಸದ ಸಾಂದ್ರತೆ ೧೧.೩, ಸತುವಿನ ಈ ಮಿಶ್ರಲೋಹದ್ದು ಸುಮಾರು ೬.೬. ಒಂದೇ ಆಕಾರದ ಎರಕ ಸೀಸದಲ್ಲಿದ್ದರೆ ಹೆಚ್ಚುಕಡಮೆ ೧.೭ ಪಟ್ಟು ಭಾರ. ಆರ್ಕಿಮಿಡೀಸನ ವಿಧಾನದಿಂದ, ನೀರಿನಲ್ಲಿ ತೂಗಿ, ನೀವು ಇದನ್ನು ಕಂಡುಹಿಡಿಯಬಹುದು. ಮನೆಯಲ್ಲಿ ಬಿದ್ದಿರುವ ಮುರುಕು ಆಟಿಕೆಯ ಮೇಲೆ ಇದನ್ನು ಮಾಡಿ ನೋಡಿರಿ. ಹಳೆಯ ಸತುವಿನ ಎರಕದ ಮೇಲೆ ಮಾತ್ರ ಮಾಡಬೇಡಿರಿ, ನೀರೇ ಅದರ ಶತ್ರು. ಸೀಸದ ಎರಕಕ್ಕೆ ಈ ಪೀಡೆಯಿಲ್ಲ. ಆದರೆ ಓಕ್ ಮರದ ಕಪಾಟಿನಲ್ಲಿಟ್ಟರೆ ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ಬಿಳಿಯ ಪುಡಿಯಾಗಿ ಮಾಡಬಲ್ಲುದು.

ಪೆಟ್ಟಿಗೆಯಿದ್ದರೆ ಬೆಲೆ ಹೆಚ್ಚು; ಆದುದರಿಂದ ಪೆಟ್ಟಿಗೆಯ ನಕಲುಗಳೂ ಇವೆ. ಇದಕ್ಕೆ ನೇರಳಾತೀತ ದೀಪದ ಪರೀಕ್ಷೆಯುಂಟು. ಕಾಗದವನ್ನು ಬೆಳ್ಳಗೆ ತೋರಿಸುವ ಪ್ರತಿದೀಪ್ತಿ ದ್ರವ್ಯಗಳು ಕಾಗದದ ತಯಾರಿಕೆಯಲ್ಲಿ ಬಳಕೆಗೆ ಬಂದದ್ದು ೧೯೫೦ರ ಸುಮಾರಿನಿಂದ. ಯುದ್ಧಪೂರ್ವದ್ದೆಂದು ಹೇಳುವ ಪೆಟ್ಟಿಗೆ ಆ ದೀಪದ ಕೆಳಗೆ ನೀಲಿಯಾಗಿ ಬೆಳಗಿದರೆ ಅದರ ವಯಸ್ಸನ್ನು ನಂಬಬಾರದು. ಬೆಳಗದಿದ್ದ ಮಾತ್ರಕ್ಕೆ ಹಳೆಯದೆಂದು ಸಿದ್ಧವಾಗುವುದಿಲ್ಲ.

ಈ ಮಾತಿಗೆ ಇನ್ನೊಂದು ಮುಖವೂ ಇದೆ. ಎಂಬತ್ತು ವರ್ಷ ದಾಟಿದರೂ ಅಳತೆ ಕೆಡದೆ, ಬಿರುಕು ಬಿಡದೆ ಉಳಿದಿರುವ ಎರಕವು ಶುದ್ಧವಾದ ಮಡಕೆಯಿಂದ ಬಂದದ್ದಿರಬೇಕೆಂದು ಊಹಿಸಬಹುದು. ಕಳೆದ ಒಂದೊಂದು ವರ್ಷವೂ ಅದರ ಪರವಾದ ಸಾಕ್ಷಿ. ಆದರೆ ಆ ವರ್ಷಗಳನ್ನು ಅದು ತಣ್ಣಗಿನ ಒಣಕೋಣೆಯಲ್ಲಿ ಕಳೆದಿತ್ತೋ, ಸಮುದ್ರತೀರದ ತೇವದಲ್ಲಿ ಕಳೆದಿತ್ತೋ ಎಂದು ಕೇಳಬೇಕು. ಒಣಕೋಣೆಯ ಸಾಕ್ಷಿಯನ್ನು ನಂಬಿ ಮಂಗಳೂರಿನ ಮಳೆಗಾಲಕ್ಕೆ ತಂದಿಟ್ಟರೆ ಮಲಗಿದ್ದ ಪೀಡೆ ಎದ್ದೀತು.

ಬೆಲೆಯ ಲೆಕ್ಕ

ದೃಢವಾಗಿದ್ದರೆ ಈ ಕಾರಿಗೆ ೮೦,೦೦೦ ರೂಪಾಯಿ ಸಲ್ಲುತ್ತದೆಂದೂ ಪೀಡೆ ಹಿಡಿದಿದ್ದರೆ ೩,೦೦೦ ರೂಪಾಯಿ ಬಾಳುತ್ತದೆಂದೂ ಇಟ್ಟುಕೊಳ್ಳೋಣ. ಪೀಡೆಯಿರುವ ಸಂಭವ ನಾಲ್ಕರಲ್ಲಿ ಒಂದು ಎಂದು ತೋರಿದರೆ ನಿರೀಕ್ಷಿತ ಬೆಲೆ ೮೦,೦೦೦ದ ಮುಕ್ಕಾಲು ಪಾಲು ೬೦,೦೦೦ ಮತ್ತು ೩,೦೦೦ದ ಕಾಲು ಪಾಲು ೭೫೦, ಒಟ್ಟು ೬೦,೭೫೦ ರೂಪಾಯಿ. ಸಂಭವ ಅರ್ಧಕ್ಕರ್ಧವಾದರೆ ಅದು ೪೧,೫೦೦ಕ್ಕೆ ಇಳಿಯುತ್ತದೆ. ಪರೀಕ್ಷಿಸದೆ ೮೦,೦೦೦ ಕೊಡುವವನು ಪೀಡೆಯ ಸಂಭವ ಸೊನ್ನೆಯೆಂದು ನಂಬಿದಂತಾಯಿತು. ತಳಭಾಗದ ಒಂದು ಚಿತ್ರ, ಕ್ಯಾಲಿಪರಿನ ಎರಡು ಅಳತೆ, ಇವುಗಳ ಬೆಲೆ ಈಗ ಗೊತ್ತಾಗುತ್ತದೆ. ಖರ್ಚಿಲ್ಲದೆ ದೊರೆಯುವ ಈ ಮಾಹಿತಿ ಇಪ್ಪತ್ತು, ನಲವತ್ತು ಸಾವಿರ ರೂಪಾಯಿಗಳನ್ನು ಉಳಿಸಬಲ್ಲುದು.

ಹರಾಜಿನಲ್ಲಿ ಕೊಳ್ಳುವುದಾದರೆ ಇನ್ನೊಂದು ಅಪಾಯವಿದೆ. ಒಂದು ವಸ್ತುವಿನ ನಿಜವಾದ ಬೆಲೆ ೫೦,೦೦೦ವೆನ್ನೋಣ. ಐವರು ಅದನ್ನು ೩೫, ೪೨, ೫೦, ೫೬, ೬೭ ಸಾವಿರವೆಂದು ಅಂದಾಜು ಮಾಡಿದ್ದಾರೆ. ಅವರ ಸರಾಸರಿ ೫೦ ಸಾವಿರವೇ; ಎಲ್ಲರೂ ಸೇರಿದರೆ ತಪ್ಪಿಲ್ಲ. ಆದರೆ ಗೆಲ್ಲುವವನು ಅತಿ ಹೆಚ್ಚು ಊಹಿಸಿದವನು. ಎರಡನೆಯವನು ೫೬ರಲ್ಲಿ ನಿಂತ ಮೇಲೆ ಅವನು ಅದಕ್ಕಿಂತ ತುಸು ಹೆಚ್ಚು ಕೊಟ್ಟು ಗೆದ್ದು, ಆರು ಸಾವಿರಕ್ಕೂ ಮಿಗಿಲಾಗಿ ಸೋಲುತ್ತಾನೆ. ಕಡಲಿನ ತೈಲನಿಕ್ಷೇಪಗಳ ಹರಾಜಿನಲ್ಲಿ ಕಂಪೆನಿಗಳು ಹೀಗೆ ನಷ್ಟಕ್ಕೆ ಗುರಿಯಾಗುವುದನ್ನು ಅಮೆರಿಕದ ಮೂವರು ತೈಲ ಇಂಜಿನಿಯರುಗಳು ೧೯೭೧ರಲ್ಲಿ ವಿವರಿಸಿದರು. ಇದಕ್ಕೆ ಗೆದ್ದವನ ಶಾಪವೆಂದು ಹೆಸರು. ಕೊಡಬಹುದಾದ ಗರಿಷ್ಠ ಬೆಲೆಯನ್ನು ಹರಾಜಿಗೆ ಮುಂಚೆಯೇ ಕಾಗದದ ಮೇಲೆ ಬರೆದಿಟ್ಟು ಅದನ್ನು ದಾಟದಿರುವುದೇ ಪರಿಹಾರ. ಹರಾಜುದಾರರ ಕಮಿಷನ್, ಸಾಗಣೆ, ವಿದೇಶದಿಂದ ತರಿಸುವುದಾದರೆ ಸುಂಕ, ಇವನ್ನೂ ಆ ಮೊತ್ತದೊಳಗೇ ಸೇರಿಸಬೇಕು. ಭಾರತದಲ್ಲಿ ಆಟಿಕೆಗಳ ಮೂಲ ಆಮದು ಸುಂಕವನ್ನು ೨೦೨೦ರಲ್ಲಿ ೨೦%ರಿಂದ ೬೦%ಕ್ಕೆ, ೨೦೨೩ರಲ್ಲಿ ೭೦%ಕ್ಕೆ ಏರಿಸಿದರು.

ಇನ್ನು ಉಳಿದದ್ದು ಮನಸ್ಸಿನ ಲೆಕ್ಕ. ನಾನು ಅವನನ್ನು ಹೀಗೆ ಕೇಳಿದೆನು: “ನೀನು ಕೊಂ‍ಡ ಮರುವರ್ಷ ಇದರ ಬೆಲೆ ಹತ್ತು ಸಾವಿರಕ್ಕೆ ಇಳಿದರೆ ನಿನಗೆ ವ್ಯಥೆಯಾಗುತ್ತದೆಯೇ?” ವ್ಯಥೆಯಾಗುವುದಾದರೆ ಅದು ವ್ಯಾಪಾರ. ವ್ಯಾಪಾರವೆಂದು ನೋಡಿದರೆ ಇದು ಬಡ್ಡಿಯನ್ನೂ ಬಾಡಿಗೆಯನ್ನೂ ತರದ ಆಸ್ತಿ. ಬಾಲ್ಯದಲ್ಲಿ ಈ ಕಾರುಗಳೊಡನೆ ಆಡಿದವರ ಆಸೆಯೇ ಅದರ ಬೆಲೆಗೆ ಬಹುಮಟ್ಟಿಗೆ ಆಧಾರ, ಮುಂದಿನ ತಲೆಮಾರಿಗೆ ಆ ನೆನಪು ಇರುವುದಿಲ್ಲ. ವ್ಯಥೆಯಿಲ್ಲವೆಂದಾದರೆ ಅದು ಪ್ರೀತಿ. ಪ್ರೀತಿಗಾಗಿ ಖರ್ಚು ಮಾಡುವುದು ತಪ್ಪಲ್ಲ. ಸಂಗೀತಕ್ಕೆ, ಯಾತ್ರೆಗೆ, ಪುಸ್ತಕಕ್ಕೆ ಹಣ ಕೊಡುವುದಿಲ್ಲವೇ? ಆದರೆ ಆಗ ಬೆಲೆಯನ್ನು ಹಣದಲ್ಲಿ ಮಾತ್ರವಲ್ಲ, ಕೈಬಿಟ್ಟ ವಸ್ತುವಿನಲ್ಲಿ ಅಳೆಯಬೇಕು. ಅವನ ಮಟ್ಟಿಗೆ ಈ ಕಾರಿನ ಬೆಲೆ ಒಂದು ಸ್ಕೂಟರು, ಮತ್ತು ಅದಿಲ್ಲದೆ ದಿನವೂ ಬಸ್ಸಿಗಾಗಿ ಕಾಯುವ ಹೊತ್ತು.

ಅವನು ಏನು ಮಾಡಿದನು?

ಮರುದಿನವೇ ಅವನು ಮಾರಾಟಗಾರನಿಗೆ ಬರೆದು, ತಳಭಾಗದ ಚಿತ್ರವನ್ನೂ ಎರಡು ಬದಿಯ ಅಳತೆಯನ್ನೂ ಕೇಳಿದನು. ವಾರದಲ್ಲಿ ಉತ್ತರ ಬಂದಿತು. ಎಡಬದಿ ಬಲಬದಿಗಿಂತ ಒಂದೂವರೆ ಮಿಲಿಮೀಟರ್ ಉದ್ದವಾಗಿತ್ತು. ಚಾಸಿ ಬಾಗಿತ್ತು. ಮುಂದಿನ ಮಡ್‌ಗಾರ್ಡಿನ ಬುಡದಲ್ಲಿ ಕೂದಲೆಳೆಯಂತಹ ಬಿರುಕುಗಳಿದ್ದುವು. ಕೋಲ್ಕತ್ತದ ಅದೆಷ್ಟೋ ಮಳೆಗಾಲಗಳು ತಮ್ಮ ಕೆಲಸವನ್ನು ಮಾಡಿದ್ದುವು. ಇದು ಏಕೆ ಹೀಗಾಗಿದೆಯೆಂದು ಅವನು ವಿವರಿಸಿ ಬರೆದಾಗ, ಮಾರಾಟಗಾರನು ತನಗಿದು ಗೊತ್ತಿರಲಿಲ್ಲವೆಂದು ಒಪ್ಪಿಕೊಂಡನು.

ವ್ಯವಹಾರ ಅಲ್ಲಿಗೆ ಮುಗಿಯಿತೆಂದು ನಾನು ಎಣಿಸಿದ್ದೆನು. ಆದರೆ ಎರಡು ತಿಂಗಳ ಮೇಲೆ ಅವನು ಮತ್ತೆ ಬಂದಾಗ, ಆ ಕಾರನ್ನೇ ನಾಲ್ಕು ಸಾವಿರ ರೂಪಾಯಿಗೆ ಕೊಂಡುದಾಗಿ ಹೇಳಿದನು! ಅದೀಗ ಅವನ ಕಾರ್ಖಾನೆಯಲ್ಲಿ, ಕುಲುಮೆಯ ಪಕ್ಕದ ಸೂಚನೆಯ ಕೆಳಗೆ, ಗಾಜಿನ ಪೆಟ್ಟಿಗೆಯೊಳಗಿದೆ. ಮಡ್‌ಗಾರ್ಡು ಕಳಚಿ ಬಿದ್ದು ಅದರ ಪಕ್ಕದಲ್ಲಿ ಒಂದು ಹಿಡಿ ಬೂದುಪುಡಿಯಾಗಿದೆ. ಹೊಸದಾಗಿ ಸೇರಿದ ಹುಡುಗರು ಸೀಸ ಏಕೆ ಬೀಳಬಾರದೆಂದು ಕೇಳಿದರೆ ಅವನು ಬೆರಳಿನಿಂದ ಆ ಕಡೆ ತೋರಿಸುತ್ತಾನಂತೆ.

“ಹಾಗಾದರೆ ಆಸೆ ತೀರಿತೋ?” ಎಂದು ಕೇಳಿದೆನು.

“ಇಲ್ಲ ಸಾರ್, ದೃಢವಾದದ್ದೊಂದನ್ನು ಹುಡುಕುತ್ತಿದ್ದೇನೆ” ಎಂದು ತನ್ನ ದಿನಚರಿಯ ಪುಸ್ತಕವನ್ನು ತೆರೆದು ತೋರಿಸಿದನು. ಒಂದು ಪುಟದ ಮೇಲೆ ಗರಿಷ್ಠ ಬೆಲೆ ೬೦,೦೦೦ ಎಂದು ಬರೆದು ಕೆಳಗೆ ಗೆರೆಯೆಳೆದಿದ್ದನು. ಅದರ ಕೆಳಗೆ ಎಡಬದಿ, ಬಲಬದಿ, ಚಾಸಿ, ಬಿರುಕು, ಇಟ್ಟಿದ್ದ ಸ್ಥಳ ಎಂದು ಐದು ಸಾಲುಗಳಿದ್ದುವು. ಅವುಗಳ ಎದುರಿಗೆ ಇನ್ನೂ ಏನನ್ನೂ ತುಂಬಿರಲಿಲ್ಲ.